ಗೃಹಸ್ಥನ ಕೈಪಿಡಿ: ಮಾಳಿಗೆಯ ಮೇಲಣ ಸೌರಫಲಕಗಳು

ಕಳೆದ ಸಂಚಿಕೆಯಲ್ಲಿ ಮಳೆಯ ನೀರನ್ನು ಕೂಡಿಡುವ ವಿಷಯವಾಗಿ ನಾನು ಬರೆದಿದ್ದ ನಾಲ್ಕು ಮಾತುಗಳನ್ನು ಓದಿ, ವಾಚಕ ಮಹಾಶಯರಲ್ಲಿ ಕೆಲವರು ಪತ್ರಮುಖೇನ ಒಂದು ಪ್ರಶ್ನೆಯನ್ನು ಕೇಳಿರುವರು. ಬಿಸಿಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಫಲಕಗಳನ್ನು ಮನೆಯ ಮಾಳಿಗೆಯ ಮೇಲೆ ಹಾಕಿಸಿದ್ದಾಯಿತು. ಹಾಕಿದವರು, "ಇದಕ್ಕೆ ಏನೂ ಆರೈಕೆ ಬೇಡ, ಆಗಾಗ ನೀರು ಹಾಕಿ ತೊಳೆದರೆ ಸಾಕು" ಎಂದು ಹೇಳಿ ಹೊರಟುಹೋದರು. ಆ 'ಆಗಾಗ' ಎಂಬುದಕ್ಕೆ ಎಷ್ಟು ದಿನವೆಂದು ಅರ್ಥ, ಆ 'ಸಾಕು' ಎಂಬುದು ನಿಜವೆ, ಎಂಬುದೇ ಆ ಪ್ರಶ್ನೆ. ನಾನು ವಿದ್ಯುಚ್ಛಾಸ್ತ್ರವನ್ನು ಓದಿದವನಲ್ಲ. ಮೂವತ್ತೈದು ವರ್ಷ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ನಿವೃತ್ತನಾದವನು. ಆದರೂ ಈ ಪ್ರಶ್ನೆಗೆ ಉತ್ತರ ಕೊಡಲು ನನಗೊಂದು ಅಧಿಕಾರವುಂಟು. ಏಕೆಂದರೆ, ಇದರಲ್ಲಿ ಮಾಡಬಹುದಾದ ತಪ್ಪುಗಳಲ್ಲಿ ಅತ್ಯಂತ ಹಾಸ್ಯಾಸ್ಪದವಾದುದನ್ನು ನಾನು ಸ್ವತಃ ಮಾಡಿ ದಂಡ ತೆತ್ತಿದ್ದೇನೆ. ಅದನ್ನೇ ಮೊದಲು ಹೇಳಿಬಿಡುವೆನು.

2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದವರು 'ಪ್ರಧಾನಮಂತ್ರಿ ಸೂರ್ಯಘರ್' ಎಂಬ ಯೋಜನೆಯನ್ನು ಆರಂಭಿಸಿ, 3 ಕಿಲೋವ್ಯಾಟಿನ ಮನೆಯ ಸಲಕರಣೆಗೆ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದರಷ್ಟೆ. ನಮ್ಮದು ಮಕ್ಕಳು ಮೊಮ್ಮಕ್ಕಳು ಬಂದು ಹೋಗುವ ಸಂಸಾರ. ನೀರೆತ್ತುವ ಪಂಪು, ರುಬ್ಬುವ ಯಂತ್ರ, ಸೊಸೆಯ ವಿದ್ಯುತ್ ಸ್ಕೂಟರು ಎಲ್ಲವೂ ಸೇರಿ ತಿಂಗಳಿಗೆ 300 ಯೂನಿಟ್ಟಿನಷ್ಟು ಖರ್ಚು. ಆದಕಾರಣ ಆ ವರ್ಷದ ವಿಜಯದಶಮಿಯ ಹೊತ್ತಿಗೆ, ನಿವೃತ್ತಿಯಲ್ಲಿ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು, ತುಮಕೂರಿನ ನಮ್ಮ ಮನೆಯ ಮೇಲೆ 540 ವ್ಯಾಟಿನ ಆರು ಫಲಕಗಳನ್ನು ಹಾಕಿಸಿದೆನು. ಮೊದಲ ತಿಂಗಳುಗಳ ಬಿಲ್ಲುಗಳನ್ನು ನೋಡಿ ನನಗುಂಟಾದ ಸಂತೋಷವನ್ನು ಏನೆಂದು ಹೇಳಲಿ! ಬಂದ ನೆಂಟರನ್ನೆಲ್ಲ ಮಾಳಿಗೆಗೆ ಹತ್ತಿಸಿ ತೋರಿಸುತ್ತಿದ್ದೆನು. ಸೋಮವಾರ ಗುರುವಾರಗಳಲ್ಲಿ ಸ್ನಾನಕ್ಕೆ ಮುಂಚೆ ಫಲಕಗಳಿಗೂ ಸ್ನಾನವಾಗುತ್ತಿತ್ತು.

2025ರ ಮೇ ತಿಂಗಳ ಮೊದಲ ವಾರದಲ್ಲಿ ಭರಣಿ ಮಳೆ ಗುಡುಗು ಸಿಡಿಲುಗಳೊಡನೆ ಬಂದುಹೋಯಿತು. ಮರುದಿನ ಬೆಳಗ್ಗೆ ನಾನು ಮೇಲೆ ಹೋಗಿ ನೋಡಿದರೆ ಫಲಕಗಳು ಸ್ವಚ್ಛವಾಗಿ ಹೊಳೆಯುತ್ತಿದ್ದುವು. ಎಂದಿನಂತೆ ಮನೆಯಲ್ಲಿ ದೀಪ ಉರಿಯಿತು, ಪಂಪು ನೀರೆತ್ತಿತು, ದೋಸೆಯ ಹಿಟ್ಟು ರುಬ್ಬಿತು. ನಾನು ಎಂದಿನಂತೆ ಸೋಮವಾರ ಗುರುವಾರಗಳ ಕೈಂಕರ್ಯವನ್ನು ನಡೆಯಿಸುತ್ತ ಬಂದೆನು. ಜೂನ್ ಮೊದಲನೆಯ ತಾರೀಖು ಮೀಟರು ನೋಡುವ ಹುಡುಗನು ಬಂದು, ಅಂಕಿಗಳನ್ನು ಎರಡು ಬಾರಿ ಒತ್ತಿ ನೋಡಿ, "ಮೇಷ್ಟ್ರೇ, ನಿಮ್ಮ ಸೋಲಾರ್ ನಡೀತಾ ಇದೆಯೇ? ನೀವು ಹೊರಗೆ ಕಳಿಸಿದ ಕರೆಂಟು ಹೋದ ತಿಂಗಳಿನ ಕಾಲುಭಾಗವೂ ಇಲ್ಲವಲ್ಲ" ಎಂದನು. ನನಗೆ ಕೋಪ ಬಂದಿತು. "ಏನಪ್ಪಾ, ಇವತ್ತು ಬೆಳಗ್ಗೆ ತಾನೇ ತೊಳೆದಿದ್ದೇನೆ!" ಎಂದೆನು. ಆ ಉತ್ತರವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮಹಡಿಯ ಮೆಟ್ಟಿಲ ಪಕ್ಕದ ಗೋಡೆಗೆ ಇನ್ವರ್ಟರ್ ಎಂಬ ಪೆಟ್ಟಿಗೆಯನ್ನು ಹಾಕಿದ್ದಾರೆ. ಅದರ ಮುಖದ ಮೇಲೆ ಒಂದು ಚಿಕ್ಕ ದೀಪವುಂಟು. ಕೆಲಸ ನಡೆಯುವಾಗ ಹಸುರಾಗಿಯೂ ತೊಂದರೆಯಿದ್ದಾಗ ಕೆಂಪಾಗಿಯೂ ಉರಿಯತಕ್ಕುದು. ಆ ಮೊಳೆಗೆ ಸಮೀಪದಲ್ಲಿಯೇ ನನ್ನ ಕೊಡೆಯನ್ನು ತಗುಲಿಹಾಕುವ ಅಭ್ಯಾಸ ನನಗೆ. ಕೊಡೆಯನ್ನು ಸರಿಸಿ ನೋಡಿದರೆ ಕೆಂಪು ದೀಪ! ಇಪ್ಪತ್ತಮೂರು ದಿವಸಗಳಿಂದ ಅದು ಹಾಗೆಯೇ ಮೌನವಾಗಿ ಕೂಗಿಕೊಳ್ಳುತ್ತಿತ್ತು. ಈ ಪೆಟ್ಟಿಗೆಯ ಸಮಾಚಾರವು ಪ್ರತಿನಿತ್ಯ ಮಗನ ಮೊಬೈಲಿಗೆ ಹೋಗುವಂತೆ ಏರ್ಪಾಡು ಮಾಡಿದ್ದುಂಟು. ಆದರೆ ಏಪ್ರಿಲಿನಲ್ಲಿ ಮನೆಯ ವೈಫೈಗೆ ಹೊಸ ಗುಪ್ತಪದವನ್ನು ಹಾಕಿಸಿದಾಗ ಅದನ್ನು ಪೆಟ್ಟಿಗೆಗೆ ತಿಳಿಸಲು ಎಲ್ಲರೂ ಮರೆತಿದ್ದೆವು. ಸಮಾಚಾರ ಬಾರದಿದ್ದರೆ ಸುಖವಾಗಿದ್ದಾರೆಂದು ತಿಳಿಯುವ ನಮ್ಮ ಹಳೆಯ ಪದ್ಧತಿಯನ್ನು ಮಗನು ಇಲ್ಲಿಯೂ ಅನುಸರಿಸಿದನು. ಇಪ್ಪತ್ತಮೂರು ದಿವಸಕ್ಕೆ, ದಿನಕ್ಕೆ ಹನ್ನೆರಡರಂತೆ ಲೆಕ್ಕ ಹಾಕಿದರೂ, 276 ಯೂನಿಟ್ಟುಗಳು ನೀರಿನಲ್ಲಿ ಹೋಮವಾದುವು. ಆ ಅವಧಿಯಲ್ಲಿ ನಾನು ಏಳು ಬಾರಿ ಫಲಕಗಳನ್ನು ತೊಳೆದಿದ್ದೆನು!

ರಿಪೇರಿಗೆಂದು ಬಂದವನು ನನ್ನ ಹಳೆಯ ವಿದ್ಯಾರ್ಥಿ. ತರಗತಿಯಲ್ಲಿ 'ರಾಮ' ಶಬ್ದದ ಷಷ್ಠೀ ಬಹುವಚನದಲ್ಲಿ ಪ್ರತಿಸಾರಿಯೂ ಎಡವುತ್ತಿದ್ದ ಹುಡುಗ. ಬಂದವನೇ ಫಲಕಗಳ ಕಡೆಗೆ ತಲೆಯೆತ್ತಿಯೂ ನೋಡದೆ, ಮೀಟರಿನ ಬಳಿಯ ಪೆಟ್ಟಿಗೆಯನ್ನು ತೆರೆದನು. ಒಂದು ಎಂಸಿಬಿ ಸ್ವಿಚ್ಚು ಕೆಳಕ್ಕೆ ಬಿದ್ದಿತ್ತು. ನಾನು ಸಂತೋಷದಿಂದ, "ಇಷ್ಟೇಯೇನೋ! ಮೇಲೆತ್ತಿಬಿಡು" ಎಂದೆನು. ಅವನು, "ತಡೀರಿ ಗುರುಗಳೇ, ಅದು ಸುಮ್ಮನೆ ಬೀಳೋದಿಲ್ಲ; ಯಾಕೆ ಬಿತ್ತು ಅಂತ ನೋಡೋಣ" ಎಂದು ಹೇಳಿ, ಪಕ್ಕದಲ್ಲಿದ್ದ ಸಣ್ಣ ಉಪಕರಣವೊಂದನ್ನು ತೋರಿಸಿದನು. ಸಿಡಿಲಿನ ಹೊಡೆತ ತಂತಿಯ ಮೂಲಕ ಒಳಕ್ಕೆ ಬಂದಾಗ ಅದನ್ನು ತನ್ನ ಮೇಲೆ ತೆಗೆದುಕೊಂಡು ಭೂಮಿಗೆ ಇಳಿಸುವ ಸಾಧನವದು. ಅದರಲ್ಲಿ ಹೆಬ್ಬೆರಳ ಉಗುರಿಗಿಂತಲೂ ಚಿಕ್ಕದಾದ ಒಂದು ಕಿಟಕಿ. ಸರಿಯಾಗಿದ್ದಾಗ ಹಸುರು, ಸುಟ್ಟುಹೋದರೆ ಕೆಂಪು. ಕೆಂಪಾಗಿತ್ತು. ಇನ್ವರ್ಟರಿಗೆ ಬರಬೇಕಾಗಿದ್ದ ಮೃತ್ಯುವನ್ನು ಅದು ತಾನು ವಹಿಸಿಕೊಂಡಿತ್ತು. ಅದನ್ನು ಬದಲಾಯಿಸಿ, ಸಡಿಲವಾಗಿದ್ದ ಎರಡು ತಿರುಪುಗಳನ್ನು ಬಿಗಿಮಾಡಿ, ಆಮೇಲೆ ಸ್ವಿಚ್ಚನ್ನು ಮೇಲೆತ್ತಿದನು. ಷಷ್ಠೀ ಬಹುವಚನವನ್ನು ನಾನು ಆ ಕ್ಷಣದಲ್ಲಿ ಪೂರ್ಣವಾಗಿ ಕ್ಷಮಿಸಿದೆನು.

ಹೀಗಾಗಲು ಕಾರಣವೇನೆಂಬುದನ್ನು ಗೃಹಸ್ಥರು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಫಲಕದಲ್ಲಿ ಹುಟ್ಟುವುದು ಒಂದೇ ಕಡೆಗೆ ಹರಿಯುವ ವಿದ್ಯುತ್ತು. ಇನ್ವರ್ಟರು ಅದನ್ನು ನಮ್ಮ ಮನೆಯ ದೀಪಗಳಿಗೆ ಒಗ್ಗುವ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಹಗಲಲ್ಲಿ ಮನೆಗೆ ಬೇಕಾದುದಕ್ಕಿಂತ ಹೆಚ್ಚಾದುದು ಬೀದಿಯ ತಂತಿಗೆ ಹೋಗಿ ಜಮೆಯಾಗುತ್ತದೆ. ಕಡಿಮೆಯಾದುದು ಬೀದಿಯ ತಂತಿಯಿಂದ ಬರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಮೀಟರೊಂದು ಬಾಗಿಲಲ್ಲಿ ಕುಳಿತಿರುವುದು. ಈ ಏರ್ಪಾಡಿನಲ್ಲಿ ಫಲಕಗಳು ಪೂರ್ತಿಯಾಗಿ ಸತ್ತುಹೋದರೂ ಮನೆಯೊಳಗೆ ಒಂದು ದೀಪವಾದರೂ ಮಂಕಾಗುವುದಿಲ್ಲ. ಹಿಂದಿನ ಕಾಲದಲ್ಲಿ ಬ್ಯಾಟರಿಯಿಂದ ಉರಿಯುತ್ತಿದ್ದ ಸೋಲಾರ್ ದೀಪ ಕೆಟ್ಟರೆ ಕತ್ತಲಾಗುತ್ತಿತ್ತು; ಕೆಟ್ಟಿತೆಂದು ಕೂಡಲೆ ತಿಳಿಯುತ್ತಿತ್ತು. ಈಗ ಕೆಟ್ಟರೆ ತಿಳಿಸುವುದು ತಿಂಗಳ ಕೊನೆಯ ಬಿಲ್ಲು ಮಾತ್ರ. ಆದುದರಿಂದ ಈ ಫಲಕಗಳ ಆರೈಕೆಯಲ್ಲಿ ಮೊದಲನೆಯದು ನೀರೂ ಅಲ್ಲ, ಬಟ್ಟೆಯೂ ಅಲ್ಲ; ಅಂಕಿಯನ್ನು ನೋಡುವುದು.

ಇದಕ್ಕೆ ನಮ್ಮ ಮನೆಯಾಕೆ ಕಂಡುಹಿಡಿದ ಉಪಾಯ ಬಹಳ ಸರಳವಾದುದು. ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವನ್ನು ಬರೆಯುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಉಂಟು. ಈ ಅನರ್ಥವಾದ ಮರುದಿನ ಅವಳು, "ಏನೂಂದ್ರೆ, ಹಾಲು ಅರ್ಧ ಲೀಟರು ಕಡಿಮೆಯಾದರೆ ಆವತ್ತೇ ಕೇಳ್ತೀವಿ, ಇಷ್ಟು ದುಡ್ಡು ಹಾಕಿದ್ದನ್ನ ತಿಂಗಳಿಗೊಂದು ಸಲ ಕೇಳೋದೇ?" ಎಂದಳು. ಅಂದಿನಿಂದ ಪ್ರತಿ ಸಾಯಂಕಾಲ ದೀಪ ಹಚ್ಚುವುದಕ್ಕೆ ಮುಂಚೆ, ಇನ್ವರ್ಟರಿನ ಮುಖದಲ್ಲಿ ಕಾಣುವ ಆ ದಿನದ ಯೂನಿಟ್ಟನ್ನು ನೋಡಿಕೊಂಡು ಬಂದು, ಹಾಲಿನ ಅಂಕಿಯ ಕೆಳಗೆ ಬರೆಯುತ್ತಾಳೆ. ಮೋಡವಿದ್ದರೆ ಒಂದು ಸೊನ್ನೆ, ಮಳೆ ಬಂದರೆ ಒಂದು ಅಡ್ಡಗೆರೆ. ಇಷ್ಟೇ. ನನ್ನ ಕೊಡೆಗೆ ಬೇರೊಂದು ಮೊಳೆಯನ್ನು ಗೊತ್ತುಮಾಡಿರುವಳು.

ಆ ಅಂಕಿಗಳು ನನಗೆ ಕಲಿಸಿದ ಪಾಠಗಳು ಸಣ್ಣವಲ್ಲ. ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ಟಿನಂತೆ ಬರುತ್ತದೆಂದು ಹೇಳುವರು, ಅದು ಸರಿಯೇ. ಆದರೆ ಬಿಸಿಲು ಉರಿದಷ್ಟೂ ವಿದ್ಯುತ್ತು ಹೆಚ್ಚೆಂದು ನಾನು ಭಾವಿಸಿದ್ದುದು ತಪ್ಪು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮೊದಲು ತೋರಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿ ಮಾಡುತ್ತಿತ್ತು. ಇಂದಿನ ಮನೆಯ ಫಲಕಗಳು ಇಪ್ಪತ್ತು ಪಾಲಿನಷ್ಟನ್ನು ಮಾಡುವುವು. ಉಳಿದುದರಲ್ಲಿ ಹೆಚ್ಚಿನ ಭಾಗ ಕಾವಾಗಿ ಫಲಕವನ್ನೇ ಸುಡುತ್ತದೆ. 25 ಡಿಗ್ರಿಗಿಂತ ಮೇಲೆ ಫಲಕದ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆಲ್ಲ ಅದರ ಶಕ್ತಿ ನೂರಕ್ಕೆ ಸುಮಾರು ಮೂರನೆಯ ಒಂದು ಪಾಲಿನಷ್ಟು ಕುಗ್ಗುತ್ತ ಹೋಗುವುದು. ಚೈತ್ರಮಾಸದ ಮಧ್ಯಾಹ್ನ ಅದು 60 ಡಿಗ್ರಿಯನ್ನು ಮುಟ್ಟಿದಾಗ, ಕೇವಲ ಕಾವಿನಿಂದಲೇ ನೂರಕ್ಕೆ ಹತ್ತು ಹನ್ನೆರಡು ಪಾಲು ನಷ್ಟ. ಆದುದರಿಂದ ಗಾಳಿ ತಂಪಾಗಿದ್ದು ಆಕಾಶ ನಿರ್ಮಲವಾಗಿರುವ ಮಾಘದ ದಿನಗಳಲ್ಲಿ ಅಂಕಿ ಏರಿ, ಕಡು ಬೇಸಗೆಯಲ್ಲಿ ಸ್ವಲ್ಪ ಇಳಿದರೆ, ಅದು ರೋಗವಲ್ಲ. ಸೂರ್ಯನ ತೇಜಸ್ಸನ್ನು ಸಹಿಸಲಾರದೆ ಸಂಜ್ಞಾದೇವಿಯೇ ಗಂಡನ ಮನೆಯನ್ನು ಬಿಟ್ಟುಹೋದಳೆಂದು ಪುರಾಣ ಹೇಳುವಾಗ, ಸಿಲಿಕಾನಿನ ಪಾಡೇನು? ಇದೇ ಕಾರಣದಿಂದ ಫಲಕದ ಅಡಿಯಲ್ಲಿ ಗಾಳಿಯಾಡಲು ಬಿಟ್ಟಿರುವ ಜಾಗದಲ್ಲಿ ಹಳೆಯ ಮಂಚ, ತೆಂಗಿನ ಗರಿ, ಮುರಿದ ಕುರ್ಚಿಗಳನ್ನು ತುಂಬಿಡುವುದು ಸಲ್ಲದು.

ಇಲ್ಲಿ ಇನ್ನೊಂದು ಸಂದೇಹವನ್ನೂ ಪರಿಹರಿಸಿಬಿಡುವೆನು. ಒಬ್ಬ ವಾಚಕರು, "ಬೀದಿಯ ಕರೆಂಟು ಹೋದಾಗ ಹಾಡುಹಗಲಿನಲ್ಲಿಯೂ ನಮ್ಮ ಸೋಲಾರ್ ನಿಂತುಹೋಗುತ್ತದೆ, ಕೆಟ್ಟಿದೆಯೆ?" ಎಂದು ಕೇಳಿದ್ದಾರೆ. ಕೆಟ್ಟಿಲ್ಲ. ಬ್ಯಾಟರಿಯಿಲ್ಲದ ಇಂಥ ಇನ್ವರ್ಟರು ಬೀದಿಯ ತಂತಿ ನಿರ್ಜೀವವಾದೊಡನೆ ತಾನೂ ನಿಲ್ಲಲೇಬೇಕೆಂಬುದು ನಿಯಮ. ಹಾಗಿಲ್ಲದಿದ್ದರೆ, ಕರೆಂಟು ತೆಗೆದಿದ್ದಾರೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮ ಮಾಳಿಗೆಯಿಂದ ಹೋದ ವಿದ್ಯುತ್ತು ಪ್ರಾಣಾಂತಿಕವಾದೀತು.

ಇನ್ನು ತೊಳೆಯುವ ವಿಚಾರ. ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಎಲ್ಲ ಮನೆಗಳಿಗೂ ಒಪ್ಪುವ ಒಂದು ವಿಧಿಯಿಲ್ಲ. ಮಣ್ಣಿನ ರಸ್ತೆಯ ಪಕ್ಕದ ಮನೆ, ಜಲ್ಲಿ ಒಡೆಯುವ ಯಂತ್ರದ ನೆರೆಯ ಮನೆ, ಹಿಟ್ಟಿನ ಗಿರಣಿಯ ಮಾಳಿಗೆ, ಇವುಗಳಿಗೆ ವಾರಕ್ಕೊಮ್ಮೆಯೂ ಬೇಕಾದೀತು. ನಮ್ಮಂಥ ಬೀದಿಯಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಆ ಕೆಲಸವನ್ನು ವರುಣನಿಗೇ ಬಿಡಬಹುದು. ಇದನ್ನು ನಿಶ್ಚಯಿಸಲು ಕ್ಯಾಲೆಂಡರಿನ ಅಂಕಿಯೇ ಪ್ರಮಾಣ. ತೊಳೆಯುವುದಕ್ಕೆ ಹಿಂದಿನ ಒಂದು ನಿರ್ಮಲವಾದ ದಿನವನ್ನೂ ತೊಳೆದ ಮೇಲಣ ಅಂಥದೇ ಒಂದು ದಿನವನ್ನೂ ಹೋಲಿಸಿ ನೋಡಿರಿ. ನಮ್ಮ ಮನೆಯಲ್ಲಿ ಹದಿನೈದು ದಿನದ ಧೂಳಿನಿಂದ ಆದ ನಷ್ಟ ದಿನಕ್ಕೆ ಅರ್ಧ ಯೂನಿಟ್ಟನ್ನೂ ಮೀರಲಿಲ್ಲ. ವಾರಕ್ಕೆರಡು ಬಾರಿ ನಾನು ಮಾಡುತ್ತಿದ್ದ ಅಭಿಷೇಕದಿಂದ ಬಂದ ಫಲ ನನ್ನ ಸೊಂಟನೋವು ಮಾತ್ರ.

ತೊಳೆಯುವ ಹೊತ್ತು ಪ್ರಾತಃಕಾಲವಾಗಿರಬೇಕು, ಇಲ್ಲವೆ ಸಂಜೆ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯವುಂಟು. ನೀರಿನ ಆಯ್ಕೆ ಅದಕ್ಕಿಂತಲೂ ಮುಖ್ಯ. ನಮ್ಮ ಬಯಲುಸೀಮೆಯ ಕೊಳವೆಬಾವಿಯ ನೀರು ಗಡಸು. ಅದನ್ನು ಚೆಲ್ಲಿ ಹಾಗೆಯೇ ಒಣಗಲು ಬಿಟ್ಟರೆ, ಸ್ನಾನದ ಮನೆಯ ಬಕೀಟಿನ ಮೇಲೆ ಕೂರುವ ಬಿಳಿಯ ಪದರವೇ ಫಲಕದ ಮೇಲೂ ಕೂರುತ್ತದೆ. ಧೂಳಾದರೆ ಮುಂದಿನ ಮಳೆಗೆ ಹೋದೀತು. ಈ ಸುಣ್ಣದ ಪದರ ಹೋಗದು. ಅದನ್ನು ಕಿತ್ತುಹಾಕಲು ಪಾತ್ರೆ ತಿಕ್ಕುವ ನಾರನ್ನೋ ಸೋಪಿನ ಪುಡಿಯನ್ನೋ ಹಿಡಿದು ಉಜ್ಜಿದರೆ, ಗಾಜಿನ ಮೇಲೆ ಪ್ರತಿಫಲನವನ್ನು ತಡೆಯಲು ಬಳಿದಿರುವ ಸೂಕ್ಷ್ಮವಾದ ಲೇಪವೇ ಕಿತ್ತುಬಂದೀತು. ಕಳೆದ ತಿಂಗಳು ನಾನು ಹೇಳಿದ ಮಳೆಯ ನೀರಿನ ತೊಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದಿಲ್ಲದವರು ಇದ್ದ ನೀರಿನಲ್ಲಿಯೇ ತೊಳೆದು, ರಬ್ಬರಿನ ವೈಪರಿನಿಂದ ಕೂಡಲೆ ನೀರನ್ನು ಎಳೆದುಬಿಡಬೇಕು. ಹಳೆಯ ಪಂಚೆಯ ಮೆತ್ತನೆಯ ತುಂಡು, ಉದ್ದನೆಯ ಕೋಲು, ಒಂದು ಬಕೀಟು ನೀರು, ಇಷ್ಟು ಸಾಕು. ಕಾರು ತೊಳೆಯುವ ರಭಸದ ನೀರಿನ ಯಂತ್ರ ಕೂಡದು. ಅದು ಅಂಚಿನ ಬೆಸುಗೆಯೊಳಕ್ಕೆ ನೀರನ್ನು ನುಗ್ಗಿಸುವುದು. ಫಲಕದ ಕೆಳಗಣ ಅಂಚಿನಲ್ಲಿ, ಚೌಕಟ್ಟಿಗೆ ತಾಗಿದಂತೆ, ಕೆಸರಿನದೊಂದು ಪಟ್ಟಿ ನಿಲ್ಲುತ್ತದೆ. ನಡುವಣ ಧೂಳಿಗಿಂತ ಅದನ್ನು ಹೆಚ್ಚು ಗಮನಿಸಬೇಕು. ಪಾರಿವಾಳದ ಹಿಕ್ಕೆಯನ್ನು ಕಂಡರಂತೂ ತೊಳೆಯುವ ದಿನದವರೆಗೆ ಕಾಯದೆ, ಸಂಜೆಯೇ ಒದ್ದೆ ಬಟ್ಟೆ ಹಾಕಿ ನೆನೆಸಿ ತೆಗೆದುಬಿಡುವುದು ವಿಹಿತ. ಹಾಗೇಕೆಂಬುದನ್ನು ಮುಂದೆ ನೆರಳಿನ ಪ್ರಸಂಗದಲ್ಲಿ ಹೇಳುವೆನು.

ಅದಕ್ಕೆ ಮುಂಚೆ ಅಪಾಯದ ಮಾತು. ಮನೆಯ ಇತರ ವಿದ್ಯುತ್ ಸಲಕರಣೆಗಳನ್ನು ಸ್ವಿಚ್ಚು ತೆಗೆದು ನಿರ್ಜೀವಗೊಳಿಸಬಹುದು. ಫಲಕವನ್ನು ಹಾಗೆ ಮಾಡಲಾಗದು. ಸ್ವಿಚ್ಚು ತೆಗೆದರೆ ಇನ್ವರ್ಟರು ನಿಲ್ಲುವುದೇ ಹೊರತು, ಬೆಳಕು ಬೀಳುವವರೆಗೆ ಫಲಕಗಳ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುವುದು. ನಮ್ಮಲ್ಲಿರುವಂತೆ ಆರು ಫಲಕಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 300 ವೋಲ್ಟಾಗುತ್ತದೆ. ಬೀದಿಯಿಂದ ಬರುವುದಕ್ಕಿಂತಲೂ ಹೆಚ್ಚು. ಅದೂ ಒಂದೇ ಕಡೆಗೆ ಹರಿಯುವ ವಿದ್ಯುತ್ತಾದುದರಿಂದ, ತಂತಿ ಬಿಟ್ಟುಕೊಂಡ ಕಡೆ ಹೊತ್ತಿದ ಕಿಡಿ ಸುಲಭವಾಗಿ ಆರುವುದಿಲ್ಲ. ಆದಕಾರಣ ಫಲಕದ ಹಿಂದಿನ ತಂತಿಗಳನ್ನೂ ಅವುಗಳ ಕೂಡುಕೊಂಡಿಗಳನ್ನೂ ಗೃಹಸ್ಥನು ಮುಟ್ಟಕೂಡದು. ಸಿಪ್ಪೆ ಸುಲಿದ ತಂತಿ ಕಂಡರೆ ಆ ದಿನ ನೀರನ್ನೇ ಹಾಕಕೂಡದು. ನಮ್ಮ ಕಡೆ ಅಳಿಲುಗಳ ಉಪದ್ರವ ಬಹಳ. ಅವು ಗೂಡು ಕಟ್ಟುವ ಸಂಭ್ರಮದಲ್ಲಿ ತಂತಿಯ ಹೊದಿಕೆಯನ್ನು ಕಡಿಯುವುವು. ತೊಳೆಯಹೋಗುವ ಮೊದಲು ಬಗ್ಗಿ ಅಡಿಯನ್ನು ಒಮ್ಮೆ ನೋಡಿಕೊಳ್ಳಿರಿ. ಫಲಕದ ಮೇಲೆ ಕಾಲಿಡುವುದಂತೂ ಸರ್ವಥಾ ನಿಷಿದ್ಧ. ಗಾಜು ಒಡೆಯದಿದ್ದರೂ, ಒಳಗಣ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿಬಿಡುತ್ತವೆ.

ವಿದ್ಯುತ್ತಿಗಿಂತಲೂ ಹೆಚ್ಚಿನ ಅಪಾಯ ಮಾಳಿಗೆಯ ಅಂಚು. ಒಂದು ದಿನ ಬೆಳಗ್ಗೆ ಒದ್ದೆಯಾದ ಪಾಚಿಯ ಮೇಲೆ ನನ್ನ ಕಾಲು ಜಾರಿತು. ಮೋಟುಗೋಡೆಯಿದ್ದುದರಿಂದ ಮೊಣಕೈ ತರಚಿ ಉಳಿದುಕೊಂಡೆನು. ಅಂದಿನಿಂದ ಮನೆಯಾಕೆ ನನಗೆ ಮಾಳಿಗೆಯ ಕೆಲಸವನ್ನು ನಿಷೇಧಿಸಿ, ನೆಲದ ಮೇಲೆ ನಿಂತು ಉದ್ದ ಕೋಲಿನಿಂದ ಮಾಡುವುದಕ್ಕೆ ಮಾತ್ರ ಅನುಮತಿಯನ್ನು ಕೊಟ್ಟಿರುವಳು. ಆಗ ನಾನು ಬೀದಿಯ ಹುಡುಗನೊಬ್ಬನನ್ನು ಕರೆದು, ನೂರು ರೂಪಾಯಿ ಕೊಟ್ಟು ಮೇಲೆ ಹತ್ತಿಸಲು ಹೊರಟಿದ್ದೆನು. ನನ್ನ ಸೊಂಟಕ್ಕೆ ಆಗದುದು ಅವನ ಸೊಂಟಕ್ಕೆ ಆದೀತೆಂಬುದೇ ನನ್ನ ತರ್ಕ. ಏಣಿ ಹಿಡಿದು ನಿಂತಾಗ, ಮುನ್ನೂರು ವೋಲ್ಟಿನ ವಿಷಯವನ್ನು ಅವನಿಗೆ ನಾನು ಹೇಳಿಯೇ ಇಲ್ಲವೆಂಬುದು ನೆನಪಾಯಿತು. ಹೇಳಿದೆನು. ಅವನು ಏಣಿಯಿಂದ ಇಳಿದು, "ಬೇಡ ತಾತಾ, ನಮ್ಮಮ್ಮ ಬೈತಾಳೆ" ಎಂದು ಹೊರಟುಹೋದನು. ಅವನ ತಾಯಿ ಪುಣ್ಯವಂತೆ. ಇಳಿಜಾರು ಹೆಂಚಿನ ಸೂರಿನ ಮೇಲೂ ತಗಡಿನ ಮೇಲೂ ಫಲಕಗಳನ್ನು ಹಾಕಿಸಿರುವ ವಾಚಕರಿಗೆ ನನ್ನ ವಿಜ್ಞಾಪನೆಯೇನೆಂದರೆ, ಅಂಥ ಕಡೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಲಸ ಮಾಡಬಲ್ಲ ಅನುಭವಸ್ಥರಿಗೆ ಹಣ ಕೊಟ್ಟು ಮಾಡಿಸಿರಿ. ಕೊಡಲು ಮನಸ್ಸಿಲ್ಲದಿದ್ದರೆ ಧೂಳನ್ನು ಇದ್ದಲ್ಲಿಯೇ ಬಿಡಿ. ಅರ್ಧ ಯೂನಿಟ್ಟಿಗಾಗಿ ಯಾರ ಮನೆಯ ಮಗುವನ್ನೂ ಕೇಳುವ ಹಕ್ಕು ನಮಗಿಲ್ಲ.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬಲ್ಲವರಿಂದ ಮಾಡಿಸತಕ್ಕ ಪರೀಕ್ಷೆಗಳು ನಾಲ್ಕಾರು: ಕಬ್ಬಿಣದ ಕಾಲುಗಳ ತಿರುಪುಗಳು ಬಿಗಿಯಾಗಿವೆಯೆ, ತುಕ್ಕು ಹಿಡಿದಿದೆಯೆ, ಅರ್ತಿಂಗಿನ ತಂತಿ ತುಂಡಾಗಿಲ್ಲವಷ್ಟೆ, ಅದರ ಗುಂಡಿ ಒಣಗಿ ಬಿರಿದಿದೆಯೆ, ಸಿಡಿಲಿನ ಕಿಟಕಿ ಹಸುರಾಗಿದೆಯೆ. "ವಾರ್ಷಿಕ ಕರಾರು ಮಾಡಿಕೊಳ್ಳಬಹುದೆ?" ಎಂದು ಕೇಳಿರುವವರಿಗೆ ನಾನು ಹೇಳುವುದಿಷ್ಟೆ. ಕರಾರಿನಲ್ಲಿ ಈ ಪರೀಕ್ಷೆಗಳ ಹೆಸರುಗಳಿದ್ದರೆ ಮಾಡಿಕೊಳ್ಳಿ. ಬರಿಯ ತೊಳೆಯುವುದೊಂದೇ ಇದ್ದರೆ ಅಷ್ಟು ಹಣವನ್ನು ಕೊಡಬೇಡಿ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ಭರವಸೆಯನ್ನು ಕೊಡುವರು. ವರ್ಷಕ್ಕೆ ನೂರಕ್ಕೆ ಅರ್ಧ ಪಾಲಿನಷ್ಟು ಅವು ಮುಪ್ಪಾಗುವುದು ಸಹಜ. ಇನ್ವರ್ಟರಿಗೆ ಅಷ್ಟು ಆಯುಸ್ಸಿಲ್ಲ. ಹತ್ತು ಹನ್ನೆರಡು ವರ್ಷಕ್ಕೆ ಒಮ್ಮೆ ಬದಲಾಯಿಸಬೇಕಾದೀತೆಂದು ಎಣಿಸಿ, ಉಳಿತಾಯದಲ್ಲಿ ಒಂದಿಷ್ಟನ್ನು ಪ್ರತ್ಯೇಕವಾಗಿ ತೆಗೆದಿಡುವುದು ವಿವೇಕ.

ಈಗ ನೆರಳಿನ ಪ್ರಸಂಗ. ಸಂಜ್ಞಾದೇವಿಯು ಹೊರಟುಹೋಗುವಾಗ ತನ್ನ ಸ್ಥಾನದಲ್ಲಿ ಇರಿಸಿಹೋದುದು ತನ್ನ ಛಾಯೆಯನ್ನು. ಆ ಛಾಯೆಯಲ್ಲಿ ಸೂರ್ಯನಿಗೆ ಹುಟ್ಟಿದವನು ಶನಿ. ಶನೈಶ್ಚರನ ದೇವಾಲಯದಿಂದ ಪ್ರಸಿದ್ಧವಾದ ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿಯೇ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ, 2,050 ಮೆಗಾವ್ಯಾಟಿನ ಸೌರೋದ್ಯಾನವು 2019ರಲ್ಲಿ ಪೂರ್ಣವಾಯಿತು. ಅಪ್ಪನೂ ಮಗನೂ ಒಂದೇ ಊರಿನಲ್ಲಿ ಸಂಧಿಸಿರುವರು. ಆ ಬೋಳು ಬಯಲಿನಲ್ಲಿ ಛಾಯಾದೇವಿಯ ಪ್ರವೇಶಕ್ಕೆ ಅವಕಾಶ ಕಡಿಮೆ. ನಮ್ಮ ಊರಿನ ಬೀದಿಗಳಲ್ಲಿ ಹಾಗಲ್ಲ.

ಒಂದು ಫಲಕದ ಕೋಶಗಳು ಸರದ ಮಣಿಗಳಂತೆ ಒಂದಕ್ಕೊಂದು ಪೋಣಿಸಲ್ಪಟ್ಟಿರುತ್ತವೆ. ಕಾಲುವೆಯ ಒಂದು ಕಡೆ ಮಣ್ಣು ಕುಸಿದರೆ ಇಡೀ ಕಾಲುವೆಯ ನೀರು ಹೇಗೆ ತಗ್ಗುವುದೋ, ಹಾಗೆಯೇ ಒಂದು ಕೋಶದ ಮೇಲೆ ನೆರಳು ಬಿದ್ದರೆ ಆ ಸಾಲಿನ ಪ್ರವಾಹವೆಲ್ಲ ತಗ್ಗುತ್ತದೆ. ಇತರ ಕೋಶಗಳು ನೂಕಿದ ವಿದ್ಯುತ್ತು ಆ ನೆರಳಿನ ಕೋಶದಲ್ಲಿ ಕಾವಾಗಿ ಪರಿಣಮಿಸಿ, ಅದನ್ನು ಸುಟ್ಟರೂ ಸುಡಬಹುದು. ಇದನ್ನು ತಪ್ಪಿಸಲು ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರು ಅಡ್ಡದಾರಿಗಳನ್ನು ಇಟ್ಟಿರುವರು. ನೆರಳು ಬಿದ್ದ ಮೂರನೆಯ ಒಂದು ಭಾಗವನ್ನು ಬಿಟ್ಟು ವಿದ್ಯುತ್ತು ಬಳಸಿಕೊಂಡು ಹೋಗುವುದು. ಅಂದರೆ, ಅಂಗೈಯಗಲದ ಹಿಕ್ಕೆ ಅಂಗೈಯಗಲದ ನಷ್ಟವನ್ನು ಮಾತ್ರ ಮಾಡುವುದಿಲ್ಲ. ಇದೇ ಕಾರಣದಿಂದ, ಸಮನಾಗಿ ಹರಡಿದ ಧೂಳಿಗಿಂತ ಒಂದು ಹಿಕ್ಕೆ, ಒಂದು ಒಣ ಎಲೆ, ಒಗೆದ ಸೀರೆಯ ಒಂದು ಸೆರಗು ಹೆಚ್ಚಿನ ಶತ್ರುಗಳು.

ನೆರಳು ಋತುವನ್ನನುಸರಿಸಿ ಚಲಿಸುವುದೆಂಬುದನ್ನೂ ನೆನಪಿಡಬೇಕು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯಭಾಗದಲ್ಲಿಯೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಅವೆರಡರ ನಡುವೆ ಉತ್ತರಕ್ಕೆ. ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಡಿಸೆಂಬರ್ ಮೂರನೆಯ ವಾರದಲ್ಲಿ ಹತ್ತಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ನಡುಹಗಲಿನಲ್ಲಿ ಏಳೂವರೆ ಅಡಿಯಾದರೆ, ಸಂಜೆ ನಾಲ್ಕು ಗಂಟೆಗೆ ಇಪ್ಪತ್ತಡಿಯನ್ನು ಮೀರುವುದು. ವೈಶಾಖದಲ್ಲಿ ಬಂದು ಜಾಗ ನೋಡಿದವನಿಗೆ ಪುಷ್ಯದ ನೆರಳು ಕಾಣುವುದಿಲ್ಲ.

ನಮಗೂ ಕಾಣಲಿಲ್ಲ. 2025ರ ಡಿಸೆಂಬರಿನಲ್ಲಿ ಆಕಾಶ ನಿರ್ಮಲವಾಗಿದ್ದರೂ ಕ್ಯಾಲೆಂಡರಿನ ಅಂಕಿ ಹನ್ನೊಂದರಿಂದ ಒಂಬತ್ತಕ್ಕೆ ಇಳಿದಿತ್ತು. ದೀಪ ಹಸುರು, ಫಲಕ ಶುಭ್ರ. ಮೂರು ಗಂಟೆಯ ಮೇಲೆ ಹೋಗಿ ನಿಂತು ನೋಡಿದಾಗ ತಿಳಿಯಿತು: ನೈರುತ್ಯದ ಪಕ್ಕದ ಮನೆಯ ಮಾವಿನಮರದ ನೆರಳು ಎರಡು ಫಲಕಗಳ ಮೇಲೆ ಜಾಲರಿಯಂತೆ ಹರಡಿತ್ತು. ಆ ಮನೆಯಲ್ಲಿರುವವರು ನನಗಿಂತ ಹದಿನೈದು ವರ್ಷ ಹಿರಿಯರಾದ ಒಬ್ಬ ತಾಯಿ. ಮರ ಅವರ ಯಜಮಾನರು ನೆಟ್ಟದ್ದು. ನಾನು ಎರಡು ದಿವಸ ಮಾತುಗಳನ್ನು ಜೋಡಿಸಿಕೊಂಡು ಹೋಗಿ, ಎರಡು ಕೊಂಬೆಗಳ ವಿಷಯವಾಗಿ ಪ್ರಸ್ತಾಪಿಸಿದೆನು. ಅವರು ಕೇಳಿ, "ಮೇಷ್ಟ್ರೇ, ಆ ಬಿಸಿಲು ಮೂವತ್ತು ವರ್ಷದಿಂದ ನನ್ನ ಮರಕ್ಕೆ ಬರ್ತಾ ಇತ್ತು. ನಿಮ್ಮ ಪ್ಯಾನೆಲ್ಲಿಗೆ ನನ್ನ ಮರ ಅಡ್ಡ ಬಂತೋ, ನೀವೇ ಬಂದು ಅದರ ನೆರಳಲ್ಲಿ ಕೂತಿರೋ?" ಎಂದರು. ತರ್ಕಶಾಸ್ತ್ರದಲ್ಲಿ ನನಗಿಂತ ಅವರೇ ಮೇಲು.

ಮನೆಗೆ ಬಂದು ಲೆಕ್ಕ ಹಾಕಿದೆನು. ದಿನಕ್ಕೆ ಎರಡು ಯೂನಿಟ್ಟಿನಂತೆ, ಚಳಿಗಾಲದ ಎಪ್ಪತ್ತೈದು ದಿನಕ್ಕೆ, 150 ಯೂನಿಟ್ಟು. ಎರಡು ಫಲಕಗಳನ್ನು ಈಶಾನ್ಯದ ಮೂಲೆಗೆ ಸರಿಸಬಹುದೆಂದು ಹಳೆಯ ವಿದ್ಯಾರ್ಥಿ ಹೇಳಿದನು. ಅದಕ್ಕೆ ಅವನು ಹೇಳಿದ ಖರ್ಚು ಮರಳಿ ಬರಲು ವರ್ಷಗಳೇ ಬೇಕು. ಅಷ್ಟರಲ್ಲಿ ಆ ತಾಯಿಯೇ ಹೇಳಿಕಳುಹಿಸಿದರು: ಹೂ ಬಿಡುವ ಕಾಲದಲ್ಲಿ ಮರಕ್ಕೆ ಕತ್ತಿ ಮುಟ್ಟಿಸುವುದಿಲ್ಲ, ಹಣ್ಣು ಇಳಿದ ಮೇಲೆ, ಆಷಾಢದಲ್ಲಿ, ನಮ್ಮ ಕಡೆಗೆ ಬಾಗಿರುವ ಎರಡು ಕೊಂಬೆಗಳನ್ನು ಸವರಿಸಬಹುದು, ಆದರೆ ಆಳಿನ ಕೂಲಿ ನಮ್ಮದು, ಕಟ್ಟಿಗೆ ಅವರದು. ಅದಕ್ಕೆ ನಾನು ಒಪ್ಪಿರುವೆನು. ಕ್ಯಾಲೆಂಡರಿನಲ್ಲಿ ಡಿಸೆಂಬರ್ ತಿಂಗಳ ಹಾಳೆಯನ್ನು ಮನೆಯಾಕೆ ಹರಿಯದೆ ಹಾಗೆಯೇ ಇಟ್ಟಿದ್ದಾಳೆ. ಅಂಕಿಗಳ ಪಕ್ಕದಲ್ಲಿ 'ಮಾವಿನಮರ' ಎಂದು ಬರೆದು, ಅದರ ಕೆಳಗೆ, ಆ ಮನೆಯಿಂದ ಪ್ರತಿ ವರ್ಷ ನಮಗೆ ಬರುವ ಮಿಡಿ ಉಪ್ಪಿನಕಾಯಿಯ ಜಾಡಿಯನ್ನೂ ಜಮೆಗೆ ಹಿಡಿದಿರುವಳು.